ದಸರಾ ರಜೆಯ ಚೀಲಕ್ಕೆ ಕಾಗದದ ಪುಸ್ತಕವಾ, ಇ-ರೀಡರಾ?

ಊರಿಗೆ ಹೊರಡುವ ಹಿಂದಿನ ರಾತ್ರಿ ನಮ್ಮ ಮನೆಯಲ್ಲಿ ಒಂದು ಸಣ್ಣ ಜಗಳ ಗ್ಯಾರಂಟಿ. ಚೀಲದಲ್ಲಿ ಪುಸ್ತಕಕ್ಕೆ ಎಷ್ಟು ಜಾಗ ಅನ್ನೋದೇ ಅದರ ವಿಷಯ. ನನ್ನ ಗಂಡನ ಊರು ಕುಮಟಾದ ಹತ್ತಿರ. ದಸರೆಗೆ ಹತ್ತು ದಿನ, ಬೇಸಿಗೆಯಲ್ಲಿ ಹದಿನೈದು ದಿನ ಅಲ್ಲಿರುತ್ತೇವೆ. 'ಅಲ್ಲಿ ಹೋಗಿ ಓದೋದು ಅಷ್ಟರಲ್ಲೇ ಇದೆ, ಸುಮ್ನೆ ಹೊರೋದು ನಾನು' ಅಂತ ಇವರು ಗೊಣಗುತ್ತಾರೆ. ಅದಕ್ಕೇ ಮೂರು ರಜೆಗಳಲ್ಲಿ ಮೂರು ಥರ ಮಾಡಿ ನೋಡಿದೆ. ಮೊದಲ ದಸರೆಗೆ ಬರೀ ಕಾಗದದ ಪುಸ್ತಕ. ಬೇಸಿಗೆಗೆ ಬರೀ ಇ-ರೀಡರ್, ಅಂದರೆ ಪುಸ್ತಕ ಓದಲಿಕ್ಕೆಂದೇ ಇರುವ ಪರದೆಯ ಯಂತ್ರ. ಮುಂದಿನ ದಸರೆಗೆ ಎರಡೂ.

ತೂಕದ ಮಾತು ಮೊದಲು ಮುಗಿಸಿಬಿಡುತ್ತೇನೆ. ಕನ್ನಡ ಪುಸ್ತಕಗಳ ಒಳಪುಟದಲ್ಲಿ ಬೆಲೆ, ಪ್ರತಿಗಳ ಜೊತೆಗೆ 'ಬಳಸಿದ ಕಾಗದ: 70 ಜಿಎಸ್‌ಎಂ ಮ್ಯಾಪ್ಲಿಥೋ, 1/8 ಡೆಮಿ' ಅಂತ ಒಂದು ಸಾಲು ಇರುತ್ತದಲ್ಲ? ಅದನ್ನು ಯಾರಾದರೂ ಓದುತ್ತಾರಾ ಅಂತ ನನಗೆ ಯಾವಾಗಲೂ ಅನುಮಾನ ಇತ್ತು. ಈಗ ನಾನು ಓದುತ್ತೇನೆ. ಮ್ಯಾಪ್ಲಿಥೋ ಅನ್ನೋದು ಕಾಗದದ ಒಂದು ಬಗೆ. ಡೆಮಿ ಪುಟ ಸುಮಾರು 14 ಸೆಂಟಿಮೀಟರ್ ಅಗಲ, 21.5 ಎತ್ತರ. 70 ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಕಾಗದದ ತೂಕ 70 ಗ್ರಾಂ. ಲೆಕ್ಕ ಹಾಕಿದರೆ ಒಂದು ಹಾಳೆ ಎರಡು ಗ್ರಾಂ ಚಿಲ್ಲರೆ. 256 ಪುಟ ಅಂದರೆ 128 ಹಾಳೆ, ಸುಮಾರು 270 ಗ್ರಾಂ, ಮೇಲೆ ರಟ್ಟು. ಕೇಕ್ ಮಾಡಲಿಕ್ಕೆ ಅಂತ ತಂದಿದ್ದ ಡಿಜಿಟಲ್ ತಕ್ಕಡಿಯ ಮೇಲಿಟ್ಟೆ, 288 ಬಂತು. ಲೆಕ್ಕ ಸರಿಹೋದ ಖುಷಿಗೆ ಆ ರಾತ್ರಿ ಉಳಿದ ಐದನ್ನೂ ತೂಗಿದೆ. ಆರು ಪುಸ್ತಕ ಸೇರಿ 1 ಕೆಜಿ 940 ಗ್ರಾಂ. ನನ್ನ ಇ-ರೀಡರ್ ಕವರ್ ಸೇರಿ 310. ಇವರ ಮುಖದಲ್ಲಿ ಗೆದ್ದ ಕಳೆ. ಆದರೆ ಹೋಗುವಾಗ ಎರಡು ಕೆಜಿ ಪುಸ್ತಕ ಹೊರಲಾರದವರು ಬರುವಾಗ ಆರು ತೆಂಗಿನಕಾಯಿ, ಎರಡು ಡಬ್ಬ ಉಪ್ಪಿನಕಾಯಿ ಹೊತ್ತು ತರುತ್ತಾರೆ. ಹಾಗಾಗಿ ತೂಕದ ವಾದಕ್ಕೆ ನಾನು ಜಾಸ್ತಿ ಬೆಲೆ ಕೊಡುವುದಿಲ್ಲ.

ದುಡ್ಡಿನ ಲೆಕ್ಕವೂ ಅಷ್ಟೇ. ಒಂದು ಒಳ್ಳೆ ಇ-ರೀಡರಿಗೆ 15,000 ರೂಪಾಯಿ ಆಸುಪಾಸು. 250 ರೂಪಾಯಿಯಂತೆ ಹಿಡಿದರೂ ಅರವತ್ತು ಕನ್ನಡ ಪುಸ್ತಕ ಬರುತ್ತದೆ. ಇಂಗ್ಲಿಷ್ ಜಾಸ್ತಿ ಓದುವವರಿಗೆ ಎರಡು ಮೂರು ವರ್ಷದಲ್ಲಿ ಹಾಕಿದ ಹಣ ಹುಟ್ಟಬಹುದು. ನನ್ನ ಹಾಗೆ ಅರ್ಧಕ್ಕಿಂತ ಜಾಸ್ತಿ ಕನ್ನಡ ಓದುವವರಿಗೆ ಹುಟ್ಟುವುದಿಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಇ-ರೀಡರ್ ನನ್ನನ್ನು ನಿಜವಾಗಿ ಗೆದ್ದದ್ದು ರೈಲಿನಲ್ಲಿ. ಯಶವಂತಪುರದಿಂದ ಕಾರವಾರಕ್ಕೆ ಹೋಗುವ ಹಗಲು ರೈಲು ಸಕಲೇಶಪುರ ದಾಟಿದ ಮೇಲೆ ಘಾಟಿ ಇಳಿಯುತ್ತದೆ. ಸುಬ್ರಹ್ಮಣ್ಯ ರೋಡ್ ಮುಟ್ಟುವುದರೊಳಗೆ 57 ಸುರಂಗ. ನಮ್ಮ ಬೋಗಿಯಲ್ಲಿ ಹಗಲು ಹೊತ್ತು ಲೈಟು ಹಾಕಿರಲಿಲ್ಲ. ಮೊದಲ ದಸರೆಯಲ್ಲಿ ಒಂದು ಪತ್ತೇದಾರಿ ಕಾದಂಬರಿ ಹಿಡಿದು ಕೂತಿದ್ದೆ. ಕೊಲೆಗಾರ ಬಾಗಿಲು ತೆಗೆದ, ಕತ್ತಲು. ಬೆಳಕು ಬಂತು, ಸಾಲು ಹುಡುಕಿದೆ, ಮತ್ತೆ ಕತ್ತಲು. ಇಪ್ಪತ್ತನೇ ಸುರಂಗಕ್ಕೆ ಪುಸ್ತಕ ಮುಚ್ಚಿಟ್ಟೆ. ಬೇಸಿಗೆಯಲ್ಲಿ ಅದೇ ದಾರಿ, ಕೈಯಲ್ಲಿ ಇ-ರೀಡರ್. ಅದರದ್ದೇ ಸಣ್ಣ ದೀಪ ಇದೆಯಲ್ಲ, ಸುರಂಗ ಬಂದದ್ದು ಕಿವಿಗೆ ಮಾತ್ರ ಗೊತ್ತಾಯಿತು. ಎದುರು ಸೀಟಿನ ಹಿರಿಯರೊಬ್ಬರು ಮಾತ್ರ ನನ್ನನ್ನು ನೋಡಿ ತಲೆ ಕೊಡವುತ್ತಿದ್ದರು. ಹೊರಗೆ ಅಂಥ ಕಾಡು, ತೊರೆ ಬಿಟ್ಟು ಇದೇನು ಓದುತ್ತಾ ಕೂತಿದ್ದಾಳೆ ಅಂತ ಇರಬೇಕು. ಅವರು ಹೇಳದೇ ಹೇಳಿದ್ದೂ ಸರಿಯೇ.

ಊರಿನಲ್ಲೂ ಬೆಳಕಿನ ವಿಷಯದಲ್ಲಿ ಯಂತ್ರದ್ದೇ ಮೇಲುಗೈ. ದಸರೆ ಹೊತ್ತಿಗೆ ಮಳೆ ಪೂರ್ತಿ ಹೋಗಿರುವುದಿಲ್ಲ. ಸಂಜೆ ಕರೆಂಟು ಹೋದರೆ ಯಾವಾಗ ಬರುತ್ತದೆ ಅಂತ ಯಾರೂ ಕೇಳುವುದೂ ಇಲ್ಲ. ಕರೆಂಟು ಇದ್ದರೆ ಬಲ್ಬಿನ ಸುತ್ತ ದೀಪದ ಹುಳು. ತೆರೆದ ಪುಟದ ಮೇಲೆ ಬಿದ್ದ ಹುಳುವನ್ನು ಒರೆಸಲು ಹೋಗಿ ಒಂದು ಪುಸ್ತಕದ 112ನೇ ಪುಟದಲ್ಲಿ ಕಂದು ಬಣ್ಣದ ಗೆರೆ ಎಳೆದಿದ್ದೇನೆ, ಈಗಲೂ ಇದೆ. ಸೊಳ್ಳೆ ಪರದೆಯೊಳಗೆ ಮಲಗಿ, ದೀಪ ಆರಿಸಿ, ಪಕ್ಕದವರ ನಿದ್ದೆ ಕೆಡಿಸದೆ ಇ-ರೀಡರಿನಲ್ಲಿ ಓದುವ ಸುಖವೇ ಬೇರೆ. ಮಧ್ಯಾಹ್ನ ಅಂಗಳದ ಬಿಸಿಲಿನಲ್ಲೂ ಅಕ್ಷರ ಕಾಗದದ ಮೇಲಿದ್ದಷ್ಟೇ ಸ್ಪಷ್ಟ. ಇ-ರೀಡರಿನ ಪರದೆಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿಗೆಗಳು, ಅವುಗಳೊಳಗೆ ಕಪ್ಪು ಬಿಳಿ ಕಣಗಳು. ವಿದ್ಯುತ್ ತಾಗಿದಾಗ ಒಂದು ಬಣ್ಣದ್ದು ಮೇಲೆ ಬರುತ್ತದೆ, ಇನ್ನೊಂದು ಕೆಳಗೆ ಹೋಗುತ್ತದೆ, ಆಮೇಲೆ ಹಾಗೇ ನಿಲ್ಲುತ್ತದೆ. ಪುಟ ತಿರುಗಿಸುವಾಗ ಮತ್ತು ದೀಪಕ್ಕೆ ಬಿಟ್ಟರೆ ಬ್ಯಾಟರಿ ಹೆಚ್ಚು ಖರ್ಚಾಗುವುದಿಲ್ಲ. ಹದಿನೈದು ದಿನಕ್ಕೆ ನಾನು ಚಾರ್ಜ್ ಮಾಡಿದ್ದು ಒಂದೇ ಸಲ. ಫೋನಿಗೆ ಈ ಭಾಗ್ಯ ಇಲ್ಲ.

ಇಷ್ಟೆಲ್ಲ ಇದ್ದೂ ಆ ಬೇಸಿಗೆಯಲ್ಲಿ ನಾನು ಓದಿ ಮುಗಿಸಿದ್ದು ಎರಡೇ ಪುಸ್ತಕ.

ಇದನ್ನು ಒಪ್ಪಿಕೊಳ್ಳಲು ನನಗೇ ಕಷ್ಟವಾಯಿತು. ಯಂತ್ರದಲ್ಲಿ 64 ಪುಸ್ತಕ ತುಂಬಿಕೊಂಡು ಹೋಗಿದ್ದೆ. ಊಟವಾದ ಮೇಲೆ ಜಗಲಿಯಲ್ಲಿ ಕಾಲು ಚಾಚಿ ಕೂತು ಪಟ್ಟಿ ತೆರೆಯುವುದು. ಇದು ಬೇಡ, ಸ್ವಲ್ಪ ದುಃಖದ್ದು. ಇದು ಆಮೇಲೆ, ತಲೆ ಓಡಿಸಬೇಕು. ಇದನ್ನು ನಾಲ್ಕು ಪುಟ ನೋಡೋಣ. ಅಷ್ಟರಲ್ಲಿ ಕಣ್ಣು ಎಳೆಯುತ್ತದೆ. ಕೊನೆಯ ದಿನ ನೋಡಿದರೆ ಪ್ರತಿ ಪುಸ್ತಕದ ಕೆಳಗೂ ಒಂದೊಂದು ಸಂಖ್ಯೆ: ಶೇಕಡಾ 11, ಶೇಕಡಾ 7, ಶೇಕಡಾ 23. ಒಂಬತ್ತು ಪುಸ್ತಕ ಹೀಗೆ ಅರ್ಧಂಬರ್ಧ. ಮದುವೆ ಮನೆ ಊಟದಲ್ಲಿ ಎಲ್ಲಾ ಬಡಿಸಿಕೊಂಡು ಯಾವುದನ್ನೂ ಸರಿಯಾಗಿ ತಿನ್ನದೆ ಎದ್ದ ಹಾಗೆ.

ಕಾಗದದ ದಸರೆಯಲ್ಲಿ ಹೀಗಾಗಿರಲಿಲ್ಲ. ವಾಪಸು ಬರುವಷ್ಟರಲ್ಲಿ ಒಯ್ದ ಆರರಲ್ಲಿ ನಾಲ್ಕು ಮುಗಿದಿತ್ತು. ಅತ್ತೆಯ ಕಪಾಟಿನಿಂದ ಎತ್ತಿಕೊಂಡ ಇನ್ನೊಂದೂ ಮುಗಿದಿತ್ತು. ನಾಲ್ಕರಲ್ಲಿ ಒಂದು ದಪ್ಪ ಕಾದಂಬರಿ ಮೊದಲ ಅರವತ್ತು ಪುಟ ಒಂದು ಜಮೀನಿನ ವ್ಯಾಜ್ಯದ ಸುತ್ತಲೇ ಸುತ್ತಿತ್ತು. ಇ-ರೀಡರಿನಲ್ಲಿದ್ದಿದ್ದರೆ ಹನ್ನೆರಡನೇ ಪುಟಕ್ಕೇ ಬಿಡುತ್ತಿದ್ದೆ. ಬೇರೆ ಗತಿ ಇಲ್ಲದೆ ಮುಂದುವರಿದೆ. ಆಮೇಲೆ ಆ ಮನೆಯ ಹಿರಿಮಗಳು ಬಂದಳು ನೋಡಿ, ಎರಡು ದಿನ ಊಟಕ್ಕೆ ಕರೆದರೂ ಏಳಲಿಲ್ಲ. ಕಾಗದದ ಪುಸ್ತಕವನ್ನು ಬೆಂಗಳೂರಿನಲ್ಲೇ ಆರಿಸಿ ಮುಗಿದಿರುತ್ತದೆ. ಅಂಗಡಿಯಲ್ಲಿ ನಿಂತು, ಬೆನ್ನುಡಿ ಓದಿ, ಚೀಲದ ಜಾಗ ನೋಡಿ, ಇವರ ಹತ್ತಿರ ಜಗಳವಾಡಿ. ಇ-ರೀಡರಿನಲ್ಲಿ ಆರಿಸುವ ಕೆಲಸ ಊರಿಗೂ ಬೆನ್ನು ಹತ್ತಿ ಬರುತ್ತದೆ, ದಿನಾ ಮಧ್ಯಾಹ್ನ.

ದೊಡ್ಡ ಸಂಸಾರದ ಕಾದಂಬರಿಗೆ ಇನ್ನೊಂದು ಕಷ್ಟ ಇದೆ. ಈ ಶಂಕ್ರಣ್ಣ ಯಾರು, ಚಿಕ್ಕಪ್ಪನಾ ಸೋದರಮಾವನಾ ಅಂತ ಹಿಂದಕ್ಕೆ ಹೋಗಿ ನೋಡಬೇಕಾಗುತ್ತದೆ. ಕಾಗದದಲ್ಲಾದರೆ 'ಎಡಗಡೆ ಪುಟ, ಮೇಲುಗಡೆ, ಕಾಲು ಭಾಗದಲ್ಲೆಲ್ಲೋ' ಅಂತ ಬೆರಳಿಗೇ ನೆನಪಿರುತ್ತದೆ. ಯಂತ್ರದಲ್ಲಿ ಹುಡುಕಬಹುದು ನಿಜ, ಆದರೆ ಶಂಕ್ರಣ್ಣ ಅಂತ ಕೊಟ್ಟರೆ 140 ಕಡೆ ಸಿಗುತ್ತಾನೆ. ನಾರ್ವೆಯ ಸಂಶೋಧಕಿ ಆನ್ ಮಾಂಗೆನ್ ಮತ್ತು ಜೊತೆಗಾರರು 50 ಜನರಿಗೆ ಒಂದೇ ಕಥೆ ಕೊಟ್ಟು, ಅರ್ಧ ಜನರಿಗೆ ಕಾಗದದಲ್ಲಿ, ಇನ್ನರ್ಧ ಜನರಿಗೆ ಅಮೆಜಾನ್ ಕಂಪನಿಯ ಇ-ರೀಡರ್ ಕಿಂಡಲ್‌ನಲ್ಲಿ ಓದಿಸಿದ್ದರು. ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ಬಹುಪಾಲು ಪರೀಕ್ಷೆಗಳಲ್ಲಿ ಎರಡು ಗುಂಪಿಗೂ ವ್ಯತ್ಯಾಸ ಇರಲಿಲ್ಲ. ಆದರೆ ಯಾವ ಘಟನೆ ಮೊದಲು, ಯಾವುದು ಆಮೇಲೆ ಅಂತ ಜೋಡಿಸುವುದರಲ್ಲಿ ಕಾಗದದಲ್ಲಿ ಓದಿದವರು ಮೇಲಾಗಿದ್ದರು. ಅದನ್ನು ಓದಿದಾಗ ನನಗೆ ನೆನಪಾದದ್ದು ಶಂಕ್ರಣ್ಣನೇ.

ಈಗ ಕನ್ನಡದ ವಿಷಯ. ಆ 64ರಲ್ಲಿ ಕನ್ನಡದ್ದು ಐದು, ಐದೂ ಪಿಡಿಎಫ್, ಅಂದರೆ ಅಚ್ಚಿನ ಪುಟ ಹೇಗಿದೆಯೋ ಹಾಗೇ ಇರುವ ಕಡತ. 2016ರ ಕೊನೆಗೆ ಕಿಂಡಲ್ ಇ-ಪುಸ್ತಕದ ಅಂಗಡಿಗೆ ಭಾರತೀಯ ಭಾಷೆಯ ಪುಸ್ತಕಗಳು ಬಂದಾಗ ಪಟ್ಟಿಯಲ್ಲಿದ್ದವು ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ. ಕನ್ನಡ ಇರಲಿಲ್ಲ. ತೊಂದರೆ ಅಂಗಡಿಯದ್ದು ಮಾತ್ರ ಅಲ್ಲ. ನಮ್ಮಲ್ಲಿ ಎಷ್ಟೋ ಪುಸ್ತಕಗಳ ಡಿಟಿಪಿ (ಕಂಪ್ಯೂಟರಿನಲ್ಲಿ ಅಕ್ಷರ ಜೋಡಣೆ) ಆಗಿರುವುದು ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಸಂಕೇತವಾದ ಯೂನಿಕೋಡ್‌ಗಿಂತ ಹಳೆಯ ಕಾಲದ ಫಾಂಟುಗಳಲ್ಲಿ. ಅಂಥ ಕಡತದಿಂದ ಒಂದು ಸಾಲು ನಕಲು ಮಾಡಿ ಬೇರೆ ಕಡೆ ಹಾಕಿದರೆ ಕನ್ನಡ ಮಾಯ, ತಲೆ ಮೇಲೆ ಕೊಂಬು ಮೂಡಿದ ಇಂಗ್ಲಿಷ್ ಅಕ್ಷರಗಳ ಜಾತ್ರೆ. ಅದನ್ನು ಇ-ಪುಸ್ತಕ ಮಾಡಬೇಕಾದರೆ ಯೂನಿಕೋಡ್‌ಗೆ ತಿರುಗಿಸಿ, ಕೆಟ್ಟುಹೋದ ಒತ್ತಕ್ಷರ, ಅರ್ಕಾವತ್ತುಗಳನ್ನು ಯಾರಾದರೂ ಕೂತು ತಿದ್ದಬೇಕು.

ಪಿಡಿಎಫ್ ಓದುವುದಕ್ಕೆ ನನ್ನ ಅನುಭವದ ಒಂದು ಉಪಾಯ ಹೇಳುತ್ತೇನೆ. ಆರು ಇಂಚಿನ ಪರದೆಯ ಅಗಲ 9 ಸೆಂಟಿಮೀಟರ್. 14 ಸೆಂಟಿಮೀಟರ್ ಪುಟವನ್ನು ಅದರಲ್ಲಿ ತುರುಕಿದರೆ ಅಕ್ಷರ ಸಾಸಿವೆಯಾಗುತ್ತದೆ. ಮೊದಲೇ ಕಂಪ್ಯೂಟರಿನಲ್ಲಿ ಪುಟದ ಅಂಚುಗಳನ್ನು ಕತ್ತರಿಸಿ ಹಾಕಿ. ಬರೀ ಅಚ್ಚಾದ ಭಾಗ ಉಳಿದರೆ ಓದಬಹುದಾದಷ್ಟು ದೊಡ್ಡದಾಗುತ್ತದೆ. ಆಗಲೂ ಸಣ್ಣದೆನಿಸಿದರೆ ಯಂತ್ರವನ್ನು ಅಡ್ಡ ಹಿಡಿದು ಅರ್ಧರ್ಧ ಪುಟ ಓದುವುದು. ಜಾಲತಾಣವಾದ ಇಂಟರ್ನೆಟ್ ಆರ್ಕೈವ್‌ನಲ್ಲಿ ಸಿಗುವ ಹಳೆಯ ಕನ್ನಡ ಪುಸ್ತಕಗಳನ್ನು ನಾನು ಹೀಗೇ ಓದಿದ್ದು. ಅಂಗಡಿಗಳಲ್ಲಿ ಎಂದೋ ಮುಗಿದುಹೋದ ಪುಸ್ತಕ ಕೈಗೆ ಸಿಕ್ಕಿದ್ದಕ್ಕೆ ಅಷ್ಟು ಕಷ್ಟ ಪಡಬಹುದು. ಹೊಸ ಪುಸ್ತಕಕ್ಕಾದರೆ ನಾನಂತೂ ಪಡುವುದಿಲ್ಲ.

ಹೊಸ ಕನ್ನಡ ಇ-ಪುಸ್ತಕ ಬೇಕಾದರೆ ಮೈಲ್ಯಾಂಗ್‌ನಂಥ ಆ್ಯಪ್‌ಗಳಿವೆ, ಕೇಳುಪುಸ್ತಕವೂ ಇದೆ. ನಾನು ಅದನ್ನು ಓದುವುದು ಫೋನಿನಲ್ಲಿ. ಫೋನಿನಲ್ಲಿ ಏನಾಗುತ್ತದೆ ಅಂತ ನಿಮಗೇ ಗೊತ್ತು. ನಾಯಕಿ ಬಾವಿಕಟ್ಟೆ ಹತ್ತುವ ಹೊತ್ತಿಗೆ ಮೇಲಿನಿಂದ ಅಪಾರ್ಟ್‌ಮೆಂಟ್ ಗ್ರೂಪಿನ ನೀರಿನ ಟ್ಯಾಂಕರ್ ಮೆಸೇಜು ಇಳಿಯುತ್ತದೆ.

ಆದರೆ ಅತ್ತೆಗೆ ಆ ಆ್ಯಪೇ ವರವಾಯಿತು. ಅವರಿಗೆ ಎರಡೂ ಕಣ್ಣಿಗೆ ಪೊರೆ ಆಪರೇಷನ್ ಆಗಿದೆ. ಸಣ್ಣ ಅಚ್ಚು ಓದಿದರೆ ನೀರು ಬರುತ್ತದೆ. ಟ್ಯಾಬ್‌ನಲ್ಲಿ ಒಂದು ಕಾದಂಬರಿ ತೆರೆದು ಅಕ್ಷರವನ್ನು ಕಡಲೆಕಾಳಿನಷ್ಟು ಮಾಡಿ ಕೊಟ್ಟೆ. ಎರಡು ದಿನ ಬಿಡದೆ ಓದಿದರು. ಮೂರನೇ ದಿನ ಹೆಬ್ಬೆರಳು ಎಲ್ಲಿಗೋ ತಾಗಿ ನಲವತ್ತು ಪುಟ ಮುಂದೆ ಹೋಯಿತು. 'ಕತೆ ಎಲ್ಲೋ ಕಳೆದೋಯ್ತು ಮಾರಾಯ್ತಿ' ಅಂತ ತಂದುಕೊಟ್ಟರು. ಅವರ ಕಾಗದದ ಪುಸ್ತಕದಲ್ಲಿ ಹಾಗಾಗುವುದಿಲ್ಲ, ಕ್ಯಾಲೆಂಡರಿನ ಹರಿದ ಹಾಳೆ ಗುರುತಿಗೆ ಇಟ್ಟಿರುತ್ತಾರೆ. ನಾನು ತಂದ ಕಾಗದದ ಪುಸ್ತಕಗಳಲ್ಲೂ ನಾಲ್ಕನೇ ದಿನಕ್ಕೆ ಅದೇ ಕ್ಯಾಲೆಂಡರ್ ಹಾಳೆ ಕಾಣಿಸುತ್ತದೆ. ನಾನು ಮಲಗಿದಾಗ ಅವರು ಓದುತ್ತಾರೆ. ಭಾವನ ಮಗಳು ಅದರ ಹಿಂದಿನಿಂದ ಇನ್ನೊಂದು ಗುರುತು ಇಟ್ಟಿರುತ್ತಾಳೆ. ರಾತ್ರಿ ಊಟಕ್ಕೆ ಕೂತಾಗ ಮುಂದಿನ ಕತೆ ಹೇಳಬಾರದು ಅಂತ ಗಲಾಟೆ. ನನ್ನ ಇ-ರೀಡರಿನಲ್ಲಿ ನಾನೇನು ಓದುತ್ತಿದ್ದೇನೆ ಅಂತ ಹದಿನೈದು ದಿನದಲ್ಲಿ ಒಬ್ಬರೂ ಕೇಳಲಿಲ್ಲ.

ಕಾಗದಕ್ಕಿರುವ ಒಂದು ಗಂಡಾಂತರ ಹೇಳದೆ ಬಿಟ್ಟೆ. ನವರಾತ್ರಿಯಲ್ಲಿ ಶಾರದೆ ಪೂಜೆಗೆ ಪುಸ್ತಕ ಇಡುತ್ತಾರೆ. ಮಣೆಯ ಮೇಲೆ ಮಡಿ ಬಟ್ಟೆ ಹಾಸಿ, ಮಕ್ಕಳ ಪಠ್ಯಪುಸ್ತಕದಿಂದ ಹಿಡಿದು ಮನೆಯಲ್ಲಿರುವ ಓದುವ ವಸ್ತುವೆಲ್ಲ ಅದರ ಮೇಲೆ. ವಿಜಯದಶಮಿಗೆ ತೆಗೆಯುವವರೆಗೆ ಮುಟ್ಟುವ ಹಾಗಿಲ್ಲ. ಮಕ್ಕಳಿಗೆ ಹಬ್ಬವೋ ಹಬ್ಬ. ಮೊದಲ ದಸರೆಯಲ್ಲಿ ನನ್ನ ಆರೂ ಪುಸ್ತಕ ಮಣೆ ಏರಿದ್ದವು, ಪತ್ತೇದಾರಿ ಕೊಲೆಗಾರನ ಸಮೇತ. ಹತ್ತು ದಿನದಲ್ಲಿ ಮೂರು ದಿನ ಹೋಯಿತು. ಹಳೆ ಪೇಪರ್ ಓದಿಕೊಂಡು ಕಾಲ ತಳ್ಳಿದೆ.

ಹಾಗಾಗಿ ಮೂರನೇ ಸಲ ಎರಡನ್ನೂ ಒಯ್ದಾಗ ನನ್ನದೊಂದು ಲೆಕ್ಕಾಚಾರ ಇತ್ತು. ನಾಲ್ಕು ಪುಸ್ತಕವನ್ನು ನಾನೇ ಭಕ್ತಿಯಿಂದ ಮಣೆಯ ಮೇಲಿಟ್ಟೆ. ಇ-ರೀಡರ್ ಹಿಡಿದು ಜಗಲಿಯ ಮೂಲೆ ಸೇರಿದೆ. ಅತ್ತೆ ಹೂ ಕೊಯ್ದುಕೊಂಡು ಬಂದವರು ನಿಂತು ನೋಡಿದರು.

'ಎಂತದೇ ಅದು, ಸ್ಲೇಟಾ?'

'ಮಷೀನು ಅತ್ತೆ. ಪುಸ್ತಕ ಅಲ್ಲ.'

'ಓದ್ತಾ ಇದ್ಯಲೇ.'

'ಅದು... ಇದರೊಳಗೆ ಇರುತ್ತೆ.'

'ಒಳಗೆ ಇರೋದು ಪುಸ್ತಕವೇ ಅಲ್ದನೇ? ತಂದಿಡು.'

ಇಟ್ಟೆ. ಎಲ್ಲದರ ಮೇಲೆ, ಮಕ್ಕಳ ಪಾಟಿಯ ಪಕ್ಕ. ಅತ್ತೆ ಅದಕ್ಕೂ ಅರಿಶಿನ ಕುಂಕುಮ ಹಚ್ಚಿ, ಎರಡು ದಾಸವಾಳ ಏರಿಸಿದರು. ವಿಜಯದಶಮಿ ದಿನ ತೆಗೆದು ಚಾರ್ಜಿಗೆ ಹಾಕಿದರೆ ಜೀವ ಬರಲಿಲ್ಲ. ಚಾರ್ಜ್ ಮಾಡುವ ತೂತಿನೊಳಗೆ ಕುಂಕುಮ ಗಟ್ಟಿಯಾಗಿ ಕೂತಿತ್ತು. ಭಾವನ ಮಗಳು ಹಲ್ಲುಜ್ಜುವ ಹಳೆ ಬ್ರಷ್ ತಂದು ಅರ್ಧ ಗಂಟೆ ಕೂತು ಕೆದಕಿ ಸರಿಮಾಡಿದಳು. ಅಷ್ಟರೊಳಗೆ ನಾನು ಮಣೆಯಿಂದ ಇಳಿದ ಕಾಗದದ ಪುಸ್ತಕವೊಂದರ ಮೂರನೇ ಅಧ್ಯಾಯದಲ್ಲಿದ್ದೆ.

ಈ ಸಲದ ಚೀಲ ಆಗಲೇ ಸಿದ್ಧವಾಗಿದೆ. ಕನ್ನಡದ್ದು ಮೂರು, ಕಾಗದದವು, ಹೊಲಿಗೆ ಹಾಕಿದ ಬೈಂಡಿಂಗ್ ಇರುವುದನ್ನೇ ಆರಿಸಿದ್ದೇನೆ. ಬರೀ ಗಮ್ ಹಾಕಿದ್ದು ಮೂರು ಜನರ ಕೈ ದಾಟುವಷ್ಟರಲ್ಲಿ ಬಿಡಿ ಹಾಳೆಯಾಗುತ್ತದೆ. ಇ-ರೀಡರಿನಿಂದ ಐವತ್ತೊಂಬತ್ತು ಪುಸ್ತಕ ತೆಗೆದು ಐದೇ ಉಳಿಸಿದ್ದೇನೆ, ಸುರಂಗಕ್ಕೆ ಮತ್ತು ಸೊಳ್ಳೆ ಪರದೆಗೆ. ಜೊತೆಗೆ ಒಂದು ಜಿಪ್ ಕವರ್, ಕುಂಕುಮಕ್ಕೆ.