ಬ್ಯಾಕ್‌ಯಾರ್ಡ್ ವರ್ಲ್ಡ್ಸ್: ದುಡ್ಡು ಬೇಡ, ತಾಳ್ಮೆ ಬೇಕು

ಜನಸಾಮಾನ್ಯರು ವಿಜ್ಞಾನಿಗಳಿಗೆ ಕೈಜೋಡಿಸುವ ಝೂನಿವರ್ಸ್ ಜಾಲತಾಣದಲ್ಲಿ, ಆಕಾಶದ ಚಿತ್ರಗಳಲ್ಲಿ ಸರಿಯುವ ಚುಕ್ಕೆ ಹುಡುಕುವ ಯೋಜನೆ 'ಬ್ಯಾಕ್‌ಯಾರ್ಡ್ ವರ್ಲ್ಡ್ಸ್: ಪ್ಲಾನೆಟ್ 9' ಪೂರ್ತಿ ಉಚಿತ. ಖಾತೆ ತೆರೆಯದೆಯೂ ಶುರು ಮಾಡಬಹುದು. ಆದರೆ ಮೊಬೈಲಿನಲ್ಲಿ ಬೇಡ. ನಾನು ಲ್ಯಾಪ್‌ಟಾಪ್ ಮುಂದೆ ದೀಪ ಆರಿಸಿ ಕೂರುತ್ತೇನೆ, ಮಸುಕು ಚುಕ್ಕೆಗಳು ಆಗಲೇ ಕಾಣುವುದು.

ಕೆಲಸ ಸುಲಭ. ನಾಸಾದ ದೂರದರ್ಶಕ ಉಪಗ್ರಹ ವೈಸ್ ಬೇರೆ ಬೇರೆ ವರ್ಷಗಳಲ್ಲಿ ತೆಗೆದ ಒಂದೇ ಜಾಗದ ಇನ್‌ಫ್ರಾರೆಡ್ (ಕಣ್ಣಿಗೆ ಕಾಣದ ಅವಕೆಂಪು ಬೆಳಕಿನ) ಚಿತ್ರಗಳು ಒಂದರ ಹಿಂದೊಂದು ಓಡುತ್ತವೆ. ಸರಿದಾಡುವ ಚುಕ್ಕೆ ಕಂಡರೆ ಗುರುತು ಹಾಕಬೇಕು. ದೂರದ ನಕ್ಷತ್ರಗಳು ಕದಲಿದಂತೆ ಕಾಣುವುದಿಲ್ಲ, ಹತ್ತಿರದವು ಸರಿಯುತ್ತವೆ. ನಾವು ಹುಡುಕುವ ಕಂದು ಕುಬ್ಜಗಳು ನಕ್ಷತ್ರವಾಗುವಷ್ಟು ತೂಕ ಇಲ್ಲದೆ ಹುಟ್ಟಿದಾಗಿನಿಂದ ಆರುತ್ತಲೇ ಇರುವಂಥವು. ತೀರಾ ತಣ್ಣಗಿನವುಗಳ 3.4 ಮೈಕ್ರಾನ್ ತರಂಗಾಂತರದ ಬೆಳಕನ್ನು ಅವುಗಳದ್ದೇ ವಾತಾವರಣದ ಮೀಥೇನ್ ಅನಿಲ ನುಂಗಿಬಿಡುತ್ತದೆ, ವೈಸ್ ಚಿತ್ರಗಳಲ್ಲಿ 4.6 ಮೈಕ್ರಾನ್‌ನಲ್ಲಿ ಮಾತ್ರ ಹೊಳೆಯುತ್ತವೆ. 2014ರಲ್ಲಿ ಖಗೋಳ ವಿಜ್ಞಾನಿ ಕೆವಿನ್ ಲೂಮನ್ ಹೆಕ್ಕಿದ ವೈಸ್ 0855 ಅಂಥದ್ದೇ. ನಮ್ಮಿಂದ ಬರೀ 7.4 ಜ್ಯೋತಿರ್ವರ್ಷ ದೂರ, ಆದರೆ ನೀರು ಹೆಪ್ಪುಗಟ್ಟುವ ಮಟ್ಟದ ಆಸುಪಾಸಿನ ಚಳಿ!

ಬೇಗ ಏನೋ ಸಿಗುತ್ತೆ ಅಂತ ಬಂದರೆ ಬೇಸರ ಗ್ಯಾರಂಟಿ. ಕಾಣುವುದರಲ್ಲಿ ಜಾಸ್ತಿ ಪಾಲು ಪ್ರಕಾಶಮಾನ ನಕ್ಷತ್ರಗಳ ಸುತ್ತ ಚಾಚುವ ಮುಳ್ಳುಗೆರೆ, ದೂರದರ್ಶಕದೊಳಗೆ ಮೂಡುವ ಸುಳ್ಳು ಬಿಂಬ, ಚಿತ್ರದ ಸುಮ್ನೆ ಕಲಬೆರಕೆ ಚುಕ್ಕೆ. ನಿಜವಾಗಿಯೂ ಚಲಿಸುವುದು ಸಿಕ್ಕಿತು ಅಂತ ಈಗಾಗಲೇ ಗೊತ್ತಿರುವ ಆಕಾಶಕಾಯಗಳ ಆನ್‌ಲೈನ್ ಪಟ್ಟಿ ಸಿಂಬಾಡ್ ತೆರೆದರೆ, ಅದಕ್ಕೆ ಆಗಲೇ ಹೆಸರಿರುತ್ತದೆ. 'ರೀ, ಇದಕ್ಕೆ ಸಂಬಳ ಕೊಡ್ತಾರಾ?' ಅಂತ ಮನೆಯಲ್ಲಿ ಕೇಳಿದ್ದಾಯಿತು.

ಸಂಬಳ ಇಲ್ಲ, ಆದರೆ ಕೆಲಸ ಆಟಿಕೆಯದಲ್ಲ. 2017ರ ಫೆಬ್ರವರಿಯಲ್ಲಿ ಶುರುವಾದ ಆರೇ ದಿನದಲ್ಲಿ ಸ್ವಯಂಸೇವಕರು ಒಂದು ಕಂದು ಕುಬ್ಜ ಹಿಡಿದರು. 2020ರಲ್ಲಿ ಒಟ್ಟಿಗೇ 95 ಪ್ರಕಟವಾದವು. ನನಗೆ ಇಷ್ಟವಾದ ಕತೆ 'ದಿ ಆಕ್ಸಿಡೆಂಟ್' ಅನ್ನುವ ಕಂದು ಕುಬ್ಜದ್ದು. ಡ್ಯಾನ್ ಕ್ಯಾಸೆಲ್ಡನ್ ಅನ್ನುವ ಸ್ವಯಂಸೇವಕ ಕಂದು ಕುಬ್ಜ ಹುಡುಕಲು ತಾನೇ ಬರೆದ ಪ್ರೋಗ್ರಾಮಿನ ಫಲಿತಾಂಶ ನೋಡುತ್ತಿದ್ದರು. ಪ್ರೋಗ್ರಾಮ್ ಆರಿಸದ ಇನ್ನೊಂದು ಮಸುಕು ಚುಕ್ಕೆ ಅದೇ ಚಿತ್ರದಲ್ಲಿ ಓಡುತ್ತಿತ್ತು. ಕಣ್ಣಿಗೆ ಬಿತ್ತು, ಅಷ್ಟೇ. ಮಾಮೂಲಿ ಕಂದು ಕುಬ್ಜದ ಲಕ್ಷಣ ಅದಕ್ಕಿರಲಿಲ್ಲ, ಅದಕ್ಕೇ ಯಂತ್ರ ಬಿಟ್ಟಿತ್ತು. ಮನುಷ್ಯರ ಕಣ್ಣು ಯಾಕೆ ಬೇಕು ಅನ್ನೋದಕ್ಕೆ ಇದಕ್ಕಿಂತ ಬೇರೆ ಉತ್ತರ ಬೇಕಾ?

ವೈಸ್‌ವ್ಯೂ ಅನ್ನುವ ಉಚಿತ ಸಾಧನವನ್ನೂ ಪಕ್ಕದಲ್ಲಿ ತೆರೆದಿಟ್ಟುಕೊಳ್ಳಿ. ಆಕಾಶದಲ್ಲಿ ಬೇಕಾದ ಜಾಗದ ನಿರ್ದೇಶಾಂಕ ಹಾಕಿದರೆ ಅಲ್ಲಿಯ ಚಿತ್ರಗಳನ್ನು ಓಡಿಸಿ ತೋರಿಸುತ್ತದೆ; ಅನುಮಾನ ಬಂದ ಚುಕ್ಕೆಯನ್ನು ಇಲ್ಲಿ ಇನ್ನೊಮ್ಮೆ ನೋಡಬಹುದು. ಖಾಲಿ ಚಿತ್ರ ನೋಡಿ ಸಾಕಾದವರಿಗೆ 2023ರಲ್ಲಿ ಬಂದ 'ಕೂಲ್ ನೇಬರ್ಸ್' ಅನ್ನುವ ಇದರದ್ದೇ ಸೋದರ ಯೋಜನೆ ಸರಿ. ಅಲ್ಲಿ ಯಂತ್ರ ಮೊದಲೇ ಸೋಸಿ ಕೊಡುತ್ತದೆ. ವೈಸ್‌ನ ಕೆಲಸ 2024ರಲ್ಲಿ ಮುಗಿದರೂ ಚಿತ್ರಗಳಿಗೇನೂ ಬರ ಇಲ್ಲ. ನನ್ನಿಂದ ಐದಕ್ಕೆ ನಾಲ್ಕು. ಇನ್ನೊಂದು ಅಂಕವನ್ನು ಹೊಸದೊಂದು ಚುಕ್ಕೆ ಸಿಕ್ಕ ದಿನ ಕೊಡುತ್ತೇನೆ.