ಸಮನ್ವಯ ಶಿಕ್ಷಕರ ತರಬೇತಿ: ಹೋಗಿ, ಆದರೆ ಎಚ್‌ಎಂ ಜೊತೆಗೇ ಹೋಗಿ

ಮೊದಲೇ ಹೇಳಿಬಿಡುತ್ತೇನೆ. ಕಲಿಯಲು ಕಷ್ಟ ಇರುವ ಮಕ್ಕಳಿಗೆ ಶಾಲೆಯೊಳಗೆ ನೆರವು ಜೋಡಿಸುವ ಸಮನ್ವಯ ಶಿಕ್ಷಕರಿಗಾಗಿ ದಾವಣಗೆರೆಯಲ್ಲಿ ನಡೆದ, ಈ ವರ್ಷ ನಾನು ಮುಗಿಸಿದ ತರಬೇತಿ ಚೆನ್ನಾಗಿದೆ. ಕೊಟ್ಟ 1,500 ರೂಪಾಯಿಗೆ ಮೋಸವಿಲ್ಲ. ಆದರೆ ಶಾಲೆಯಿಂದ ಒಬ್ಬರೇ ಹೋದರೆ ಅರ್ಧ ಉಪಯೋಗ ಅಷ್ಟೇ. ನಿಮ್ಮ ಎಚ್‌ಎಂ, ಅಂದರೆ ಮುಖ್ಯ ಶಿಕ್ಷಕರನ್ನೂ ಕರೆದುಕೊಂಡು ಹೋಗಿ.

ನಾನು ಜಗಳೂರು ತಾಲ್ಲೂಕಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಕನ್ನಡ, ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ತರಬೇತಿ ನಡೆಸಿದ್ದು ಒಂದು ಸ್ವಯಂಸೇವಾ ಸಂಸ್ಥೆ. ಇಲಾಖೆಯ ತರಬೇತಿ ಅಲ್ಲ, ಹಾಗಾಗಿ ಓಓಡಿ (ಹೋದ ದಿನವನ್ನು ಕರ್ತವ್ಯ ಎಂದೇ ಲೆಕ್ಕ ಹಾಕುವ ಅನುಮತಿ) ಸಿಗುವುದಿಲ್ಲ. ಶನಿವಾರ ಬೆಳಗಿನ ಶಾಲೆ ಮುಗಿಸಿ ಬಸ್ ಹತ್ತಿದರೆ ಮಧ್ಯಾಹ್ನದ ತರಗತಿಗೆ ತಲುಪಬಹುದು. ಚನ್ನಗಿರಿ, ಹೊನ್ನಾಳಿ ಕಡೆಯಿಂದಲೂ ಶಿಕ್ಷಕರು ಬಂದಿದ್ದರು. ಹೊಳಲ್ಕೆರೆಯಿಂದ ಬರುತ್ತಿದ್ದ ಮೇಷ್ಟ್ರು ಒಂದು ದಿನವೂ ತಪ್ಪಿಸಲಿಲ್ಲ.

ಇದು ವಿಶೇಷ ಶಿಕ್ಷಕರಾಗುವ ಕೋರ್ಸ್ ಅಲ್ಲ. ಅದಕ್ಕೆ ವಿಶೇಷ ಬಿ.ಎಡ್. ಬೇಕು, ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು. ಸಂಸ್ಥೆಯವರೂ ಇದನ್ನು ಮೊದಲ ದಿನವೇ ಸ್ಪಷ್ಟವಾಗಿ ಹೇಳಿದರು. ಈ ತರಬೇತಿ ಇರುವುದು ನಮ್ಮಂಥ ಸಾಮಾನ್ಯ ಶಿಕ್ಷಕರಿಗೆ. ಕಲಿಯಲು, ಕೇಳಲು, ನೋಡಲು, ಓಡಾಡಲು ಕಷ್ಟ ಇರುವ ಮಗುವಿಗೆ ಶಾಲೆಯೊಳಗೆ ಯಾರು ಏನು ಮಾಡಬೇಕು ಎಂದು ಜೋಡಿಸಿ, ಅದು ನಡೆಯಿತಾ ಎಂದು ನೋಡುವ ಕೆಲಸ. ಇಂಗ್ಲೆಂಡಿನಲ್ಲಿ ಈ ಕೆಲಸಕ್ಕೆ ಸರ್ಕಾರದ ಹಣದಲ್ಲಿ ನಡೆಯುವ ಪ್ರತಿ ಸಾಮಾನ್ಯ ಶಾಲೆಯಲ್ಲೂ ಒಬ್ಬ ಶಿಕ್ಷಕರು ಇರಲೇಬೇಕು ಎಂಬ ಕಾನೂನಿದೆ. ಅವರನ್ನು ‘ಸೆನ್ಕೊ’ ಎನ್ನುತ್ತಾರೆ. ಹೊಸದಾಗಿ ಆ ಸ್ಥಾನಕ್ಕೆ ಬಂದವರು ಮೂರು ವರ್ಷದೊಳಗೆ ಅದಕ್ಕೆಂದೇ ಇರುವ ಅರ್ಹತೆ ಪಡೆಯಬೇಕು. ನಮ್ಮಲ್ಲಿ ತಾಲ್ಲೂಕು ಮಟ್ಟದಲ್ಲಿ ಬಿಆರ್‌ಸಿಯ (ಶಿಕ್ಷಣ ಇಲಾಖೆಯ ತಾಲ್ಲೂಕು ಸಂಪನ್ಮೂಲ ಕೇಂದ್ರ) ಬಿಐಇಆರ್‌ಟಿಗಳಿದ್ದಾರೆ, ಅಂದರೆ ಇಂಥ ಮಕ್ಕಳಿಗೆಂದೇ ಇರುವ ಸಂಪನ್ಮೂಲ ಶಿಕ್ಷಕರು. ಬೆರಳೆಣಿಕೆಯ ಜನ, ನೋಡಿಕೊಳ್ಳಬೇಕಾದ ಶಾಲೆಗಳು ಮಾತ್ರ ಇಡೀ ತಾಲ್ಲೂಕಿನವು. ಅವರು ಬಂದು ಹೋದ ಮೇಲೆ ಮಗು ನಮ್ಮ ಕೈಯಲ್ಲೇ ಇರುತ್ತದೆ, ಅಲ್ವಾ? ಆ ಉಳಿದ ದಿನಗಳಿಗೆ ಈ ತರಬೇತಿ.

ನನಗೆ ತುಂಬಾ ಹಿಡಿಸಿದ್ದು ಒಂದು ಹಾಳೆ. ಮಗುವಿನ ಬಗ್ಗೆ ಒಂದೇ ಒಂದು ಹಾಳೆ. ಮೇಲ್ಗಡೆ ಮಗುವಿಗೆ ಏನು ಚೆನ್ನಾಗಿ ಬರುತ್ತದೆ ಎಂದು ಬರೆಯಬೇಕು. ಇದನ್ನು ತುಂಬದೆ ಮುಂದಿನ ಸಾಲಿಗೆ ಹೋಗುವಂತಿಲ್ಲ. ಆಮೇಲೆ ಎಲ್ಲಿ ತಡೆಯುತ್ತದೆ, ಯಾವ ಹೊತ್ತಿನಲ್ಲಿ, ಯಾವ ವಿಷಯದಲ್ಲಿ. ಕೆಳಗೆ ಯಾರು ಏನು ಮಾಡುತ್ತಾರೆ, ಯಾವ ತಾರೀಖಿಗೆ ಮತ್ತೆ ಕೂತು ನೋಡುತ್ತೇವೆ. ನೋಡು, ಯೋಚಿಸು, ಮಾಡು, ಮತ್ತೆ ನೋಡು. ಇಂಗ್ಲೆಂಡಿನ ಶಾಲೆಗಳಲ್ಲಿರುವ ಕ್ರಮವೂ ಇದೇ ಎಂದರು.

ಐದನೇ ತರಗತಿಯ ನಮ್ಮ ಹುಡುಗನೊಬ್ಬನ ಹೆಸರಿನಲ್ಲಿ ನಾನು ಆ ಹಾಳೆ ತುಂಬಿದೆ. ಮೆಕ್ಕೆಜೋಳದ ಚೀಲ, ತೂಕ, ರೇಟು ಎಲ್ಲ ಬಾಯಲ್ಲೇ ಲೆಕ್ಕ ಹಾಕುತ್ತಾನೆ. ಕಥೆ ಒಮ್ಮೆ ಕೇಳಿದರೆ ಸಾಕು, ಹಾಗೇ ಹೇಳುತ್ತಾನೆ. ಪುಸ್ತಕ ತೆರೆದರೆ ‘ಅಕ್ಕ’, ‘ಅಮ್ಮ’ ಓದಿ, ‘ರಾಷ್ಟ್ರ’ ಬಂದಲ್ಲಿ ನಿಲ್ಲುತ್ತಾನೆ. ಬೋರ್ಡ್ ನೋಡಿ ಬರೆಯುವುದರಲ್ಲೇ ಪೀರಿಯಡ್ ಮುಗಿಯುತ್ತದೆ. ಇವನಿಗೆ ನಾನೊಬ್ಬಳೇ ಸಂಜೆ ಕೂರಿಸಿ ಓದಿಸುವುದು ಸಮನ್ವಯ ಅಲ್ಲ ಎಂದು ತರಬೇತುದಾರರು ಬಿಡಿಸಿ ಹೇಳಿದರು. ಗಣಿತದ ಸರ್ ಅವನಿಗೆ ಲೆಕ್ಕವನ್ನು ಓದಿ ಹೇಳಬೇಕು. ವಿಜ್ಞಾನದ ಮೇಡಂ ನೋಟ್ಸ್ ಬರೆಸುವ ಬದಲು ಒಂದು ಪ್ರತಿ ಕೊಡಬೇಕು, ಉತ್ತರ ಬಾಯಲ್ಲಿ ಕೇಳಬೇಕು. ಎಲ್ಲರೆದುರು ಎದ್ದು ನಿಂತು ಓದು ಎಂದು ಯಾರೂ ಹೇಳಬಾರದು. ಪ್ರತಿಯೊಬ್ಬರಿಗೂ ಎರಡು ಸಾಲಿನ ಚೀಟಿ, ಅಷ್ಟೇ. ಈಗ ನಮ್ಮ ಶಾಲೆಯಲ್ಲಿ ಈ ಚೀಟಿಗಳು ನಡೆಯುತ್ತಿವೆ. ಹುಡುಗ ಸಮಾಜ ವಿಜ್ಞಾನದಲ್ಲಿ ಕೈ ಎತ್ತುತ್ತಿದ್ದಾನೆ.

ಇನ್ನೊಂದು ಪಾಠ ಪ್ರತಿ ಶಿಕ್ಷಕರಿಗೂ ತಲುಪಬೇಕು. ‘ದಡ್ಡ’ ಎನ್ನುವ ಮೊದಲು, ‘ಕಲಿಕಾ ನ್ಯೂನತೆ’ ಎನ್ನುವ ಮೊದಲೂ, ಕಣ್ಣು, ಕಿವಿ ನೋಡಿಸಿ. 2013ರಲ್ಲಿ ಶುರುವಾದ ಆರ್‌ಬಿಎಸ್‌ಕೆ ಎಂಬ ಮಕ್ಕಳ ಆರೋಗ್ಯ ತಪಾಸಣೆ ಯೋಜನೆಯ ವೈದ್ಯರ ತಂಡ ಶಾಲೆಗೇ ಬರುತ್ತದೆ. ಅವರು ಬರುವ ದಿನಕ್ಕೆ ನಮ್ಮ ಹತ್ತಿರ ಹೆಸರುಗಳ ಪಟ್ಟಿ ಸಿದ್ಧ ಇರಬೇಕು. ಶಾಲೆಯಲ್ಲಿ ಎಲ್ಲರನ್ನೂ ಕೇಳಿ, ಮಗುವನ್ನು ಕಂಡವರು ಶಿಕ್ಷಕರು ಮಾತ್ರ ಅಲ್ಲ ಎಂದೂ ಹೇಳಿದರು. ಹಾಗೇ ಕೇಳಿದಾಗ ನಮ್ಮ ಬಿಸಿಯೂಟದ ಅಡುಗೆ ಅಮ್ಮ ಹೇಳಿದರು: “ಎರಡನೇ ಕ್ಲಾಸಿನ ಆ ಹುಡುಗಿ ಹಿಂದಿನಿಂದ ಕೂಗಿದ್ರೆ ತಿರುಗೋದೇ ಇಲ್ರೀ, ಭುಜ ಮುಟ್ಟಬೇಕು.” ಪರೀಕ್ಷೆ ಮಾಡಿಸಿದಾಗ ಎರಡೂ ಕಿವಿಯಲ್ಲಿ ಸೋಂಕು. ಔಷಧಿ ಆಯಿತು, ಈಗ ಮುಂದಿನ ಸಾಲಿನಲ್ಲಿ ಕೂರುತ್ತಾಳೆ. ತರಗತಿಯಲ್ಲಿ ಎಲ್ಲರೂ ಅವಳನ್ನು ಗಮನ ಕೊಡದ ಹುಡುಗಿ ಅಂದುಕೊಂಡಿದ್ದರು.

ಪೋಷಕರ ಜೊತೆ ಮಾತನಾಡುವ ಅಭ್ಯಾಸವನ್ನೂ ಮಾಡಿಸಿದರು. ಒಬ್ಬರು ಅಪ್ಪ, ಒಬ್ಬರು ಶಿಕ್ಷಕಿ. ಹೊಳಲ್ಕೆರೆ ಮೇಷ್ಟ್ರು ಅಪ್ಪನ ಪಾತ್ರದಲ್ಲಿ “ಅಲ್ರೀ ಮೇಡಮ್ಮೋರೆ, ನಮ್ ಹುಡುಗ ಚೆನ್ನಾಗೇ ಅದಾನಲ್ರೀ, ಅವನಿಗೇನಾಗೈತಿ?” ಎಂದಾಗ ಇಡೀ ಹಾಲ್ ಸುಮ್ಮನಾಯಿತು. ಎಲ್ಲರೂ ಆ ಮಾತು ಕೇಳಿದವರೇ. ಮೊದಲು ಮಗು ಮಾಡುವ ಒಳ್ಳೆಯ ಕೆಲಸ ಹೇಳಿ, ಆಮೇಲೆ ಮನೆಯಲ್ಲಿ ಏನು ಕಾಣುತ್ತಿದೆ ಎಂದು ಕೇಳಿ, ರೋಗದ ಹೆಸರು ನೀವು ಹೇಳಬೇಡಿ, ಅದು ವೈದ್ಯರ ಕೆಲಸ. ಇಷ್ಟು ಸರಳ. ಆದರೂ ಯಾರೂ ನಮಗೆ ಇದನ್ನು ಡಿ.ಎಡ್.ನಲ್ಲಿ ಹೇಳಿಕೊಟ್ಟಿರಲಿಲ್ಲ.

ಕಾನೂನಿನ ತರಗತಿ ಸಪ್ಪೆ. ಸ್ಲೈಡ್ ಓದಿದರು, ಮುಗಿಯಿತು. ವಿಷಯ ಮಾತ್ರ ನಮಗೆ ತುಂಬಾ ಬೇಕಾದದ್ದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಅಂಗವೈಕಲ್ಯಗಳ ಪಟ್ಟಿ 21ಕ್ಕೆ ಏರಿತು. 1995ರ ಕಾಯ್ದೆಯಲ್ಲಿ ಇದ್ದದ್ದು 7. ಕಲಿಕಾ ನ್ಯೂನತೆ, ಆಟಿಸಂ ಹೊಸದಾಗಿ ಸೇರಿದವು. ಅಂಗವೈಕಲ್ಯ ಶೇಕಡಾ 40 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ ಹಕ್ಕು. 2021ರಲ್ಲಿ ಸುಪ್ರೀಂ ಕೋರ್ಟ್ ಪ್ರಾಥಮಿಕ ಹಂತದಲ್ಲಿ ವಿಶೇಷ ಅಗತ್ಯವಿರುವ 10 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರು, ಅದರ ಮೇಲಿನ ಹಂತದಲ್ಲಿ 15ಕ್ಕೆ ಒಬ್ಬರು ಇರಬೇಕು ಎಂದಿತು. ಇದನ್ನು ಎಸ್‌ಡಿಎಂಸಿ (ಪೋಷಕರಿರುವ ಶಾಲಾ ಸಮಿತಿ) ಸಭೆಯಲ್ಲಿ ಹೇಗೆ ಇಡಬೇಕು, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಅರ್ಜಿ ಹೇಗೆ ಬರೆಯಬೇಕು ಎಂದು ಹೇಳಿಕೊಟ್ಟಿದ್ದರೆ ಆ ಮಧ್ಯಾಹ್ನ ಸಾರ್ಥಕವಾಗುತ್ತಿತ್ತು.

ನನ್ನ ದೊಡ್ಡ ತಕರಾರು ಸಾಮಗ್ರಿಯ ಬಗ್ಗೆ. ಕೊಟ್ಟ ಪುಸ್ತಕದಲ್ಲಿ ಓದುವ ತೊಂದರೆಯ ಉದಾಹರಣೆಗಳೆಲ್ಲ ಇಂಗ್ಲಿಷಿನವು. ‘ಬಿ’ ಅಕ್ಷರವನ್ನು ‘ಡಿ’ ಎಂದು ತಿರುಗಿಸಿ ಬರೆಯುವ ಮಗು. ಕನ್ನಡ ಓದುವ ಮಗು ಎಡವುವುದು ಬೇರೆ ಕಡೆ. ‘ಎತ್ತು’ ‘ಎತು’ ಆಗುತ್ತದೆ. ದೀರ್ಘ ಬಿಟ್ಟುಹೋಗುತ್ತದೆ. ‘ಬ’, ‘ಭ’ ಬೆರೆಯುತ್ತವೆ. ‘ಮ’, ‘ವ’ ಒಂದೇ ಥರ ಕಾಣುತ್ತವೆ. ತಪ್ಪಿಲ್ಲದೆ ಓದಿದರೂ ಒಂದೊಂದೇ ಅಕ್ಷರ ತಡಕಾಡುತ್ತಾ ಓದುವ ಮಗುವೂ ಇದೆ. ವಾಕ್ಯದ ಕೊನೆ ಮುಟ್ಟುವಷ್ಟರಲ್ಲಿ ಮೊದಲನೇ ಪದ ಮರೆತಿರುತ್ತದೆ. ಅದನ್ನು ಗುರುತಿಸುವುದು ಹೇಗೆ? ಚಿಕ್ಕ ತರಗತಿಗಳ ನಲಿ-ಕಲಿ ಚಟುವಟಿಕೆ ಪದ್ಧತಿಯಲ್ಲಿ ಯಾವ ಮೆಟ್ಟಿಲಿಗೆ ವಾಪಸ್ ಹೋಗಬೇಕು? ಪುಸ್ತಕದಲ್ಲಿ ಒಂದು ಪುಟವೂ ಇಲ್ಲ. ಓದುವ ತೊಂದರೆ ಗುರುತಿಸುವ ‘ಡಾಲಿ’ ಎಂಬ ಪರೀಕ್ಷಾ ಸಾಮಗ್ರಿ ಕನ್ನಡದಲ್ಲೂ ಇದೆ. ಒಂದು, ಎರಡನೇ ತರಗತಿಗೆ ಒಂದು ಪಟ್ಟಿ, ಮೂರರಿಂದ ಐದಕ್ಕೆ ಇನ್ನೊಂದು, ಎರಡನ್ನೂ ಶಿಕ್ಷಕರೇ ತುಂಬಬಹುದು. ಚನ್ನಗಿರಿಯ ಮೇಡಂ ಕೇಳಿದ ಮೇಲೆ ಅದರ ಹೆಸರು ಬಂತು. ಎನ್‌ಸಿಇಆರ್‌ಟಿಯ ‘ಪ್ರಶಸ್ತ್’ ಆ್ಯಪ್ (ಮಕ್ಕಳಲ್ಲಿ ಅಂಗವೈಕಲ್ಯದ ಲಕ್ಷಣ ಗುರುತಿಸುವ ಪಟ್ಟಿ) ಮಾತ್ರ ಚೆನ್ನಾಗಿ ತೋರಿಸಿದರು. ಅದರ ಮೊದಲ ಭಾಗ ನಮ್ಮದು, ಎರಡನೆಯದು ವಿಶೇಷ ಶಿಕ್ಷಕರದು.

ಹಾಲ್ ಎರಡನೇ ಮಹಡಿಯಲ್ಲಿತ್ತು, ಲಿಫ್ಟ್ ಇರಲಿಲ್ಲ. ನಮ್ಮ ಬ್ಯಾಚಿನಲ್ಲಿ ಊರುಗೋಲು ಹಿಡಿದು ನಡೆಯುವ ಶಿಕ್ಷಕರೊಬ್ಬರಿದ್ದರು. ಇಂಥ ತರಬೇತಿಯಲ್ಲಿ ಹೀಗಾಗಬಾರದು. ಎಲ್ಲರೂ ಸೇರಿ ಹೇಳಿದೆವು, ಮುಂದಿನ ವಾರದಿಂದ ಕೆಳಗಿನ ಕೋಣೆ ಕೊಟ್ಟರು. ಹೊಸ ಬ್ಯಾಚಿನವರು ಮೊದಲ ದಿನವೇ ಕೆಳಗಿನ ಕೋಣೆ ಕೇಳಿ.

ಇನ್ನು ಎಚ್‌ಎಂ ವಿಷಯ. ತರಬೇತುದಾರರು ಬೆಂಗಳೂರಿನ ದೊಡ್ಡ ಖಾಸಗಿ ಶಾಲೆಗಳಲ್ಲಿ ಕೆಲಸ ಮಾಡಿದವರು. ಅಲ್ಲಿ ಸಮನ್ವಯಕ್ಕೆ ಬೇರೆ ಪೀರಿಯಡ್ ಇರುತ್ತದೆ, ಆಪ್ತ ಸಮಾಲೋಚಕರು ಇರುತ್ತಾರೆ. ನಮ್ಮಲ್ಲಿ ಏಳು ತರಗತಿಗೆ ಐದು ಜನ. ವಾರಕ್ಕೆ ಎರಡು ಪೀರಿಯಡ್ ಬಿಡಿಸಿಕೊಡುವುದು, ತಿಂಗಳಿಗೊಮ್ಮೆ ಅರ್ಧ ಗಂಟೆ ಎಲ್ಲರನ್ನೂ ಕೂರಿಸುವುದು ಎಚ್‌ಎಂ ಕೈಯಲ್ಲಿದೆ. ಅವರಿಗೆ ಈ ಕೆಲಸ ಏನು ಅಂತ ಗೊತ್ತಿಲ್ಲದಿದ್ದರೆ ನಾವು ಚೀಟಿ ಕೊಡುವುದು ಸಹೋದ್ಯೋಗಿಗಳಿಗೆ ಸುಮ್ನೆ ಕಿರಿಕಿರಿ ಅನ್ನಿಸುತ್ತದೆ. ನಮ್ಮ ಎಚ್‌ಎಂ ಕೊನೆಯ ತರಗತಿಗೆ ಬಂದರು. ಸೋಮವಾರವೇ ವೇಳಾಪಟ್ಟಿ ಬದಲಾಯಿತು. ಜೊತೆಯಲ್ಲಿದ್ದ ಬೇರೆ ಶಾಲೆಯ ಇಬ್ಬರು ಇವತ್ತಿಗೂ ಆ ಎರಡು ಪೀರಿಯಡ್‌ಗಾಗಿ ಕೇಳುತ್ತಲೇ ಇದ್ದಾರೆ.

ಸಂಸ್ಥೆಯವರು ಎಚ್‌ಎಂಗಳಿಗೆ ಶುಲ್ಕ ತೆಗೆದುಕೊಳ್ಳದೆ ಮೊದಲ ಮತ್ತು ಕೊನೆಯ ದಿನ ಕಡ್ಡಾಯ ಮಾಡಬೇಕು ಎಂದು ಅಭಿಪ್ರಾಯದ ಹಾಳೆಯಲ್ಲಿ ಬರೆದು ಕೊಟ್ಟಿದ್ದೇನೆ. ಕನ್ನಡದ ಒತ್ತಕ್ಷರ, ಗುಣಿತಾಕ್ಷರದ ತಪ್ಪುಗಳ ಮಾದರಿಗಳನ್ನು ನಾವು ಕೆಲವು ಶಿಕ್ಷಕರು ನಮ್ಮ ಮಕ್ಕಳ ನೋಟ್‌ಬುಕ್‌ಗಳಿಂದ, ಹೆಸರು ತೆಗೆದು, ಕೂಡಿಸುತ್ತಿದ್ದೇವೆ. ಮುಂದಿನ ಬ್ಯಾಚಿಗೆ ಅದನ್ನು ಪುಸ್ತಕಕ್ಕೆ ಸೇರಿಸುತ್ತೇವೆ ಎಂದು ಸಂಸ್ಥೆಯವರು ಒಪ್ಪಿದ್ದಾರೆ. ಸೇರುವವರು ದುಡ್ಡು ಕಟ್ಟುವ ಮೊದಲು ಆ ಪುಟಗಳು ಬಂದಿವೆಯಾ ಎಂದು ಕೇಳಿ ನೋಡಿ.