ನಕ್ಕಾಗ ವಸಡು ಕಾಣುತ್ತೆ ಅಂತ ಮಗಳನ್ನು ತೋರಿಸಿದ ಮೈಸೂರಿನ ಕ್ಲಿನಿಕ್: 5ಕ್ಕೆ 4 ಸ್ಟಾರ್

ಕುವೆಂಪುನಗರದ ಕಡೆ ಇರುವ ಈ ಮಕ್ಕಳ ಹಲ್ಲಿನ ಕ್ಲಿನಿಕ್‌ಗೆ ನಾಲ್ಕು ಸ್ಟಾರ್ ಕೊಡುತ್ತೇನೆ. ನಾಲ್ಕೂ ಡಾಕ್ಟರಮ್ಮನಿಗೆ. ಕಿತ್ತುಕೊಂಡ ಒಂದು ಸ್ಟಾರ್ ರಿಸೆಪ್ಷನ್‌ನವರ ಲೆಕ್ಕಕ್ಕೆ. ದೂರೂ ಬರೆಯುತ್ತಿರುವುದರಿಂದ ಹೆಸರು ಹಾಕಿಲ್ಲ.

ನಾನು ಮಂಡ್ಯದಲ್ಲಿ ಫೋಟೋ ಸ್ಟುಡಿಯೋ ಇಟ್ಟುಕೊಂಡಿದ್ದೇನೆ. ಪಾಸ್‌ಪೋರ್ಟ್ ಫೋಟೋ, ಸ್ಕೂಲ್ ಗ್ರೂಪ್ ಫೋಟೋ, ನಾಮಕರಣ, ಇನ್ನೇನು. ನಕ್ಕರೆ ಮೇಲಿನ ವಸಡು ಪೂರ್ತಿ ಕಾಣುವ ಮಕ್ಕಳು ನಮ್ಮ ಕ್ಯಾಮೆರಾ ಮುಂದೆ ಬೇಕಾದಷ್ಟು ಬರುತ್ತಾರೆ. "ಅಣ್ಣ, ವಸಡು ಸ್ವಲ್ಪ ಕಮ್ಮಿ ಮಾಡಿಕೊಡಿ" ಅಂತ ತಾಯಂದಿರು ಕೇಳುತ್ತಾರೆ. ಫೋಟೋಶಾಪ್‌ನಲ್ಲಿ ತುಟಿ ಒಂಚೂರು ಕೆಳಗೆ ಎಳೆದು ಕೊಟ್ಟರೆ ಖುಷಿ. ಆದರೆ ನನ್ನ ಮಗಳಿಗೆ ಈಗ ಒಂಬತ್ತು ವರ್ಷ. ಕ್ಲಾಸಲ್ಲಿ ಯಾರೋ ಆಡಿಕೊಂಡಿದ್ದಾರೆ. ಆವತ್ತಿನಿಂದ ನಗು ಬಂದರೆ ಅಂಗೈ ಬಾಯಿಗೆ ಹೋಗುತ್ತಿತ್ತು. ನಮ್ಮತ್ತೆ "ನಮ್ಮ ಕಡೆಯವರಿಗೆಲ್ಲ ಹಂಗೇ ಬಿಡಪ್ಪ" ಅಂದರು. ಹೆಂಡತಿ ಬಿಡಲಿಲ್ಲ.

ಮೊದಲು ಊರಲ್ಲೇ ಒಂದು ಕಡೆ ತೋರಿಸಿದೆವು. ಅವರು ತುಟಿ ಎತ್ತಿ ನೋಡಿದರು, ಬಿಟ್ಟರು. "ಗಮ್ಮಿ ಸ್ಮೈಲ್. ಲೇಸರ್‌ನಲ್ಲಿ ವಸಡು ಕಟ್ ಮಾಡಿಬಿಡೋಣ, 18 ಸಾವಿರ ಆಗುತ್ತೆ" ಅಂದರು. ಯಾಕೆ ಹೀಗಾಗಿದೆ ಅಂತ ಕೇಳಿದರೆ "ಕೆಲವರಿಗೆ ಆಗುತ್ತೆ ಸರ್" ಅಷ್ಟೇ. ಕಾರಣ ಗೊತ್ತಿಲ್ಲದೆ ಕತ್ತರಿ ಹಾಕಿಸೋದು ನನಗೆ ಸರಿ ಕಾಣಲಿಲ್ಲ. ಪಕ್ಕದ ಮೆಡಿಕಲ್ ಸ್ಟೋರ್‌ನವರು ಮೈಸೂರಿನ ಈ ಕ್ಲಿನಿಕ್ ಹೇಳಿದರು.

ಇಲ್ಲಿ ಡಾಕ್ಟರು ಮಗುವನ್ನು ಸೀದಾ ಕುರ್ಚಿಗೆ ಹತ್ತಿಸಲಿಲ್ಲ. ಟೇಬಲ್ ಪಕ್ಕ ಕೂರಿಸಿಕೊಂಡು ಸ್ಕೂಲು, ಟಿಫನ್ ಬಾಕ್ಸು ಅಂತ ಹರಟೆ ಹೊಡೆದರು. ಸುಮ್ನೆ ಟೈಂಪಾಸ್ ಅಂದುಕೊಂಡೆ. ಅವರು ನೋಡುತ್ತಿದ್ದದ್ದು ಬೇರೆ: ಮಾತಿಲ್ಲದಾಗಲೂ ಇವಳ ತುಟಿ ಮುಚ್ಚುತ್ತಿರಲಿಲ್ಲ. "ಅಮ್ಮ, ರಾತ್ರಿ ಬಾಯಿ ಬಿಟ್ಟುಕೊಂಡು ಮಲಗ್ತಾಳಾ? ಗೊರಕೆ ಇದೆಯಾ?" ಅಂತ ಕೇಳಿದರು. ಎರಡೂ ಇತ್ತು. ಬೆಳಿಗ್ಗೆ ದಿಂಬೂ ಒದ್ದೆ. ಫಿಟ್ಸ್‌ಗೆ ಮಾತ್ರೆ ಏನಾದರೂ ತಗೊಳ್ಳುತ್ತಾಳಾ ಅಂತಲೂ ಕೇಳಿದರು. ಫೆನಿಟಾಯಿನ್ ಅನ್ನೋ ಮಾತ್ರೆಯಿಂದ ಕೆಲವು ಮಕ್ಕಳಿಗೆ ವಸಡು ದಪ್ಪಗೆ ಬೆಳೆಯುತ್ತಂತೆ. ನಮ್ಮವಳಿಗೆ ಅಂಥದ್ದೇನಿಲ್ಲ.

ಆಮೇಲೆ ಅಳತೆ. ಮೂಗಿನ ಬುಡದಿಂದ ತುಟಿಯ ಅಂಚಿನವರೆಗೆ ಒಂದು. ತುಟಿ ಸಡಿಲ ಬಿಟ್ಟಾಗ ಹಲ್ಲು ಎಷ್ಟು ಕಾಣುತ್ತೆ ಅಂತ ಇನ್ನೊಂದು. ಕಪ್ಪು ಗೆರೆ ಹಾಕಿದ ತೆಳ್ಳನೆ ಕಡ್ಡಿಯಲ್ಲಿ ಮುಂದಿನ ಹಲ್ಲಿನ ಉದ್ದ ಮತ್ತೊಂದು. ನಗಿಸಿ ಅಳೆಯುವಾಗ ಮಾತ್ರ ನನ್ನ ಕಸುಬಿನ ವಿಷಯ ಬಂತು. "ಸ್ಮೈಲ್ ಮಾಡು ಪುಟ್ಟಿ" ಅಂದರೆ ಮಕ್ಕಳು ತುಟಿಯನ್ನು ಅಗಲಕ್ಕೆ ಎಳೆಯುತ್ತಾರೆ, ಮೇಲೆತ್ತುವುದಿಲ್ಲ. ಹೇಳಿಸಿಕೊಂಡು ನಕ್ಕ ಫೋಟೋದಲ್ಲಿ ವಸಡು ಅರ್ಧ ಅಡಗಿರುತ್ತೆ. ಇದು ಆ ಡಾಕ್ಟರಿಗೆ ಗೊತ್ತಿತ್ತು. ಅಸಿಸ್ಟೆಂಟ್ ಹುಡುಗಿ ಕೈಲಿ ಏನೋ ತಮಾಷೆ ಮಾಡಿಸಿ, ನಿಜವಾದ ನಗುವನ್ನು ವಿಡಿಯೋ ಮಾಡಿ, ಅದನ್ನು ನಿಲ್ಲಿಸಿ ನೋಡಿದರು. ಐದು ಮಿಲಿಮೀಟರ್ ವಸಡು. ಎರಡರವರೆಗೆ ಚಿಂತೆಯಿಲ್ಲ, ಮೂರು ನಾಲ್ಕು ದಾಟಿದರೆ ಗಮ್ಮಿ ಸ್ಮೈಲ್ ಅಂತಾರಂತೆ. (ಅವರ ಲೈಟಿಂಗ್ ಮಾತ್ರ ದೇವರಿಗೇ ಪ್ರೀತಿ. ಫೋನ್ ಫ್ಲ್ಯಾಶ್‌ಗೆ ಹಲ್ಲೆಲ್ಲ ಬಿಳಿ ಚುಕ್ಕೆ.)

ಕಾರಣ ವಿವರಿಸಿದ್ದು ನನಗೆ ತುಂಬ ಹಿಡಿಸಿತು. ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದರು. ನನ್ನ ಭಾಷೆಯಲ್ಲಿ ಹೇಳೋದಾದರೆ ತುಟಿ ಅನ್ನೋದು ಫ್ರೇಮು. ಫ್ರೇಮು ಚಿಕ್ಕದಾ, ಒಳಗಿನ ಚಿತ್ರ ಉದ್ದವಾ ಅಂತ ಮೊದಲು ನೋಡಬೇಕು. ಮೇಲ್ತುಟಿ ಗಿಡ್ಡ ಇರಬಹುದು, ಇಲ್ಲಾ ನಕ್ಕಾಗ ಜಾಸ್ತಿ ಮೇಲಕ್ಕೆ ಹೋಗಬಹುದು. ಮೇಲಿನ ದವಡೆಯ ಮೂಳೆಯೇ ಕೆಳಮುಖವಾಗಿ ಉದ್ದ ಬೆಳೆದಿರಬಹುದು. ಇದು ಮನೆತನದಲ್ಲಿ ಬರೋದುಂಟು, ಅಲ್ಲಿಗೆ ನಮ್ಮತ್ತೆ ಮಾತನ್ನೂ ತಳ್ಳಿಹಾಕುವ ಹಾಗಿಲ್ಲ. ಮುಂದಿನ ಹಲ್ಲುಗಳು ವಸಡನ್ನೂ ಎಳೆದುಕೊಂಡು ಜಾಸ್ತಿ ಕೆಳಗಿಳಿದಿರಬಹುದು. ಆಗ ಮೇಲಿನ ಹಲ್ಲು ಕೆಳಗಿನ ಹಲ್ಲನ್ನು ಪೂರಾ ಮುಚ್ಚಿಬಿಡುತ್ತೆ. ಇಲ್ಲಾ ಹಲ್ಲು ಉದ್ದವೇ ಇದ್ದು ವಸಡು ಅದರ ಮೇಲೆ ಹೊದ್ದುಕೊಂಡಿರಬಹುದು.

ಒಂಬತ್ತು ವರ್ಷಕ್ಕೆ ಈ ಕೊನೆಯದು ಮಾಮೂಲಂತೆ. ಮುಂದಿನ ದೊಡ್ಡ ಹಲ್ಲು ಹುಟ್ಟೋದೇ ಏಳು ಎಂಟು ವರ್ಷಕ್ಕೆ. ಅದರ ಮೇಲಿನ ವಸಡು ಹದಿಹರೆಯದವರೆಗೂ ನಿಧಾನವಾಗಿ ಹಿಂದೆ ಸರಿಯುತ್ತಾ ಇರುತ್ತೆ. ಇವಳ ಹಲ್ಲು ಕಾಣೋದು ಏಳೂವರೆ ಮಿಲಿಮೀಟರ್. ದೊಡ್ಡವರಲ್ಲಿ ಅದೇ ಹಲ್ಲು ಸುಮಾರು 10 ಇರುತ್ತೆ. ತುಟಿಯೂ ಇನ್ನೂ ಬೆಳೆಯಬೇಕು.

ಇಷ್ಟೇ ಆಗಿದ್ದರೆ ಮನೆಗೆ ಕಳಿಸುತ್ತಿದ್ದರೇನೋ. ಆದರೆ ಇವಳ ವಸಡು ಊದಿಕೊಂಡಿತ್ತು. ಮೇಲಿನ ಮುಂದಿನ ಭಾಗ ಮಾತ್ರ ಕೆಂಪಗೆ, ಪಾಲಿಶ್ ಹಾಕಿದ ಹಾಗೆ ಹೊಳೆಯುತ್ತಿತ್ತು. ಬಾಯಲ್ಲಿ ಉಸಿರಾಡಿದರೆ ಆ ಜಾಗ ಒಣಗುತ್ತೆ. ಬ್ರಷ್ ಸರಿಯಾಗಿ ತಾಗದಿದ್ದರೆ ಅಲ್ಲೇ ಪಾಚಿ ಕಟ್ಟುತ್ತೆ, ವಸಡು ಇನ್ನೂ ಊದುತ್ತೆ. ಡಾಕ್ಟರು ಹಲ್ಲು ಕ್ಲೀನ್ ಮಾಡಿ, ವಸಡಿನ ಅಂಚಿನಲ್ಲಿ ಬ್ರಷ್ ಹೇಗೆ ಓರೆ ಹಿಡಿಯಬೇಕು ಅಂತ ಅವಳ ಕೈ ಹಿಡಿದೇ ಕಲಿಸಿದರು. "ಮೂಗು ಯಾಕೆ ಕಟ್ಟುತ್ತೆ ಅಂತ ಇಎನ್‌ಟಿಗೆ ತೋರಿಸಿ, ಅದು ಸರಿಹೋಗದೆ ನನ್ನ ಕ್ಲೀನಿಂಗ್ ದಂಡ" ಅಂದರು. ಮಂಡ್ಯದ ಸರ್ಕಾರಿ ಆಸ್ಪತ್ರೆ ಮಿಮ್ಸ್‌ನಲ್ಲೇ ತೋರಿಸಿದೆವು. ಮೂಗಿನ ಹಿಂಭಾಗದಲ್ಲಿರುವ ಅಡಿನಾಯ್ಡ್ ಅನ್ನೋ ಗಡ್ಡೆಯಂಥ ಭಾಗ ಸ್ವಲ್ಪ ದೊಡ್ಡದಾಗಿದೆ, ಜೊತೆಗೆ ಧೂಳಿನ ಅಲರ್ಜಿ. ಮೂಗಿಗೆ ಸ್ಪ್ರೇ ಕೊಟ್ಟರು.

ಕೆಲವು ತಿಂಗಳ ಮೇಲೆ ಮತ್ತೆ ಅಳೆದಾಗ, ನಕ್ಕಾಗ ಕಾಣುವ ವಸಡು ಐದರಿಂದ ನಾಲ್ಕು ಮಿಲಿಮೀಟರ್‌ಗೆ ಇಳಿದಿತ್ತು. ಒಂದು ಮಿಲಿಮೀಟರ್‌ಗೆ ಇಷ್ಟು ಓಡಾಟವಾ ಅಂತ ನಿಮಗೆ ಅನ್ನಿಸಬಹುದು. ಹಳೇ ಫೋಟೋ, ಹೊಸ ಫೋಟೋ ಪಕ್ಕಪಕ್ಕ ಇಟ್ಟು ನೋಡಿದೆ. ನಗುವಿನಲ್ಲಿ ಕಣ್ಣಿಗೆ ಹೊಡೆಯುತ್ತಿದ್ದದ್ದು ವಸಡಿನ ಉದ್ದಕ್ಕಿಂತ ಅದರ ಕೆಂಪು. ಈಗ ತಿಳಿ ಗುಲಾಬಿ. ಹಲ್ಲುಗಳ ನಡುವೆ ಉಬ್ಬಿದ್ದದ್ದೂ ಇಳಿದಿದೆ. ಕೈ ಇನ್ನೂ ಬಾಯಿಗೆ ಹೋಗುತ್ತೆ, ಆದರೆ ಮನೆಯಲ್ಲಿ ಇಲ್ಲ.

ಲೇಸರ್ ಬಗ್ಗೆಯೂ ಕೇಳಿದೆ. ಅದು ಕೆಟ್ಟದ್ದೇನಲ್ಲ, ಈಗ ಬೇಡ ಅಷ್ಟೇ ಅಂದರು. ಹಲ್ಲು ಪೂರ್ತಿ ಬಂದು ವಸಡು ನಿಂತ ಮೇಲೂ ಜಾಸ್ತಿ ಉಳಿದಿದ್ದರೆ ಕತ್ತರಿಸಬಹುದು. ಆಗಲೂ ಒಳಗೆ ಮೂಳೆ ಎಲ್ಲಿದೆ ಅಂತ ನೋಡಬೇಕು. ಮೂಳೆ ಹಲ್ಲಿನ ಬೇರು ಶುರುವಾಗುವ ಗಡಿಗೇ ಬಂದಿದ್ದರೆ ಬರೀ ವಸಡು ಕತ್ತರಿಸಿ ಪ್ರಯೋಜನವಿಲ್ಲ, ಮತ್ತೆ ಇಳಿಯುತ್ತೆ. ಹಲ್ಲು ಕೆಳಗಿಳಿದಿದ್ದರೆ ಕ್ಲಿಪ್ ಹಾಕಿ, ಬೇಕಾದರೆ ಸಣ್ಣ ಸ್ಕ್ರೂ ಸಹಾಯದಿಂದ ಮೇಲೆತ್ತುತ್ತಾರೆ. ದವಡೆಯೇ ತುಂಬ ಉದ್ದವಿದ್ದರೆ ಆಪರೇಷನ್, ಅದೂ ಬೆಳವಣಿಗೆ ನಿಂತ ಮೇಲೆ. ತುಟಿ ಎತ್ತುವ ಸ್ನಾಯು ಸಡಿಲ ಮಾಡುವ ಬೊಟಾಕ್ಸ್ ಇಂಜೆಕ್ಷನ್ ಅಂತ ಹೆಂಡತಿ ಎಲ್ಲೋ ವಿಡಿಯೋ ನೋಡಿದ್ದಳು. ಅದು ದೊಡ್ಡವರಿಗೆ, ಇರೋದೂ ಮೂರರಿಂದ ಆರು ತಿಂಗಳು ಅಂತ ಡಾಕ್ಟರು ಅಲ್ಲೇ ಮುಗಿಸಿದರು. ನಮ್ಮವಳಿಗೆ 11-12ರಲ್ಲಿ ಇನ್ನೊಮ್ಮೆ ದವಡೆ ನೋಡೋಣ ಅಂದಿದ್ದಾರೆ.

ಕನ್ಸಲ್ಟೇಷನ್ 400, ಕ್ಲೀನಿಂಗ್ 1,200. ಸುಮ್ಮನೆ ಎಕ್ಸ್‌ರೇ ಬರೆಯಲಿಲ್ಲ.

ಈಗ ಆ ಒಂದು ಸ್ಟಾರ್. 11 ಗಂಟೆ ಅಪಾಯಿಂಟ್‌ಮೆಂಟ್ ಅಂದರೆ ಒಳಗೆ ಕರೆಯೋದು 12 ದಾಟಿದ ಮೇಲೆ. ಮಂಡ್ಯದಿಂದ ಬರುವವರು ಬೆಳಿಗ್ಗೆ ಬೇಗ ಹೊರಡಬೇಕು ಅನ್ನೋದು ಅವರಿಗೆ ಲೆಕ್ಕಕ್ಕಿಲ್ಲ. ಫೋನ್ ಮಾಡಿದರೆ "ಬನ್ನಿ ಸರ್, ಖಾಲಿ ಇದೆ" ಅಂತಾರೆ, ಬಂದರೆ ಕೂರಲು ಜಾಗ ಇಲ್ಲ. ಟಿವಿಯಲ್ಲಿ ಕಾರ್ಟೂನ್ ಕಿವಿ ಕಿತ್ತುಹೋಗುವಷ್ಟು ಜೋರು. ಬಿಲ್ ಕಟ್ಟುವಾಗ 650 ರೂಪಾಯಿಯ ಮಕ್ಕಳ ಕಿಟ್ ಮುಂದಿಡುತ್ತಾರೆ. ಡಾಕ್ಟರು ಬರೆದಿದ್ದು ಮೆತ್ತನೆ ಬ್ರಷ್ ಮಾತ್ರ, ಅದು ನಮ್ಮ ಪಕ್ಕದ ಮೆಡಿಕಲ್‌ನಲ್ಲಿ 60 ರೂಪಾಯಿಗೆ ಸಿಕ್ಕಿತು. ಬೇಡ ಅಂದರೆ ಒತ್ತಾಯ ಮಾಡಲ್ಲ, ಮುಖ ಮಾತ್ರ ಸಣ್ಣದು ಮಾಡುತ್ತಾರೆ.

ಶನಿವಾರ ಹೋಗಬೇಡಿ, ಜನ ಜಾತ್ರೆ. ಕಾರು ತಂದರೆ ಹಿಂದಿನ ರಸ್ತೆಯಲ್ಲೇ ನಿಲ್ಲಿಸಿ. ಕೌಂಟರ್ ಹತ್ತಿರ ನೆಟ್‌ವರ್ಕ್ ಸಿಗದೆ ಫೋನ್‌ಪೇ ಸುತ್ತುತ್ತಲೇ ಇರುತ್ತೆ, ಕ್ಯಾಶ್ ಇಟ್ಟುಕೊಂಡಿರಿ.